ಒಂದನ್ನು ಕಳೆದರೆ

ಬಸದಿಯ ಬಾವಿಯ ಬಳಿ ಹುಡುಗನೊಬ್ಬ ನೀರು ಸೋಸುತ್ತಿದ್ದನು. ಕೊಡ ತುಂಬಿದೊಡನೆ ಸೋಸಿದ ಬಟ್ಟೆಯನ್ನು ಕಲ್ಲಿನ ಮೇಲೆ ಎಸೆದನು. ಅದರಲ್ಲುಳಿದ ಸೂಕ್ಷ್ಮಜೀವಿಗಳನ್ನು ಮರಳಿ ಬಾವಿಗೆ ಬಿಡಬೇಕೆಂಬುದು ಅವನಿಗೆ ತಿಳಿಯದ ವಿಷಯವಲ್ಲ. ಪಾಠಶಾಲೆಯ ವೃದ್ಧ ಅಧ್ಯಾಪಕರು ಕಾರಣವನ್ನು ಕೇಳಿದಾಗ, "ಗುರುಗಳೇ, ಬಾವಿಯಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿವೆ. ಒಂದು ಹೋದರೇನು?" ಎಂದನು.

ಅಧ್ಯಾಪಕರು ಗದರಿಸಲಿಲ್ಲ. ಅಂದಿನ ಪಾಠದಲ್ಲಿ ಹಲಗೆಯ ಮೇಲೆ ಒಂದು ಸಂಖ್ಯೆಯನ್ನು ಬರೆದರು: 79228162514264337593543950336.

ಇದು ಗೊಮ್ಮಟಸಾರದ ಜೀವಕಾಂಡದಲ್ಲಿ ಬರುವ ಪರ್ಯಾಪ್ತ ಮನುಷ್ಯರ ಸಂಖ್ಯೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಆ ಗ್ರಂಥಕ್ಕೆ ಕೇಶವಣ್ಣನು 1359ರಲ್ಲಿ ಕನ್ನಡ ವೃತ್ತಿಯನ್ನು ರಚಿಸಿದನು. ಮೂಲಗಾಥೆಯಲ್ಲಿ ಅಕ್ಷರಗಳೇ ಅಂಕಿಗಳು. ಕಟಪಯಾದಿ ಕ್ರಮದಂತೆ ಬಲದಿಂದ ಎಡಕ್ಕೆ ಬರೆದುಕೊಂಡು ಹೋದರೆ 29 ಸ್ಥಾನಗಳ ಈ ಸಂಖ್ಯೆ ದೊರೆಯುತ್ತದೆ.

ಇದರ ಹುಟ್ಟು ಬಹು ಸರಳವಾದುದು. ಎರಡರ ವರ್ಗ 4, ಅದರ ವರ್ಗ 16, ಮುಂದೆ 256, 65536. ಐದನೆಯ ವರ್ಗ 4294967296. ಇದಕ್ಕೆ 'ಬಾದಾಲ'ವೆಂದು ಹೆಸರು. ಬಾದಾಲದ ಘನವೇ ಹಲಗೆಯ ಮೇಲಿನ ಸಂಖ್ಯೆ. ಒಂದನ್ನು 96 ಸಲ ಇಮ್ಮಡಿಸಿದರೂ ಇದೇ ಬರುತ್ತದೆ. 33 ಸಲ ಇಮ್ಮಡಿಸುವಷ್ಟರಲ್ಲಿಯೇ 858 ಕೋಟಿ ದಾಟುತ್ತದೆ. ವಿಶ್ವಸಂಸ್ಥೆಯ ಅಂದಾಜಿನಂತೆ ಭೂಮಿಯ ಜನಸಂಖ್ಯೆ 800 ಕೋಟಿ ಮುಟ್ಟಿದ್ದು 2022ರ ನವೆಂಬರಿನಲ್ಲಿ. ಉಳಿದ 63 ಇಮ್ಮಡಿಗಳನ್ನು ಮನಸ್ಸು ಊಹಿಸಲಾರದು.

ಒಂದು ಸಂಖ್ಯೆಯನ್ನು ಎಷ್ಟು ಸಲ ಸಮಭಾಗ ಮಾಡಬಹುದೋ ಅಷ್ಟನ್ನು ನಮ್ಮ ಆಚಾರ್ಯರು 'ಅರ್ಧಚ್ಛೇದ'ವೆಂದು ಕರೆದರು. ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ ಇದರ ವಿಚಾರವಿದೆ. ಈ ಸಂಖ್ಯೆಯ ಅರ್ಧಚ್ಛೇದ 96. ಅಷ್ಟು ಸಲ ಅರ್ಧಿಸಿದಾಗ ಶೇಷವೇನೂ ಬೀಳದೆ ಕೊನೆಗೆ ಉಳಿಯುವುದು ಒಂದು ಮಾತ್ರ. ಲಿಪಿಕಾರನು ಒಂದೇ ಒಂದು ಅಂಕಿಯನ್ನು ತಪ್ಪಿದ್ದರೂ ಈ ಪರೀಕ್ಷೆಯಲ್ಲಿ ಅದು ಬಯಲಾಗುತ್ತದೆ.

"ಈಗ ಇದರಲ್ಲಿ ಒಂದನ್ನು ಕಳೆ" ಎಂದರು ಅಧ್ಯಾಪಕರು.

ಹುಡುಗನು ಕೊನೆಯ 6ನ್ನು ಅಳಿಸಿ 5 ಎಂದು ಬರೆದನು.

"ಇನ್ನು ಎಷ್ಟು ಸಲ ಸಮಭಾಗ ಮಾಡಬಲ್ಲೆ?"

ಹುಡುಗನು ಬಹಳ ಹೊತ್ತು ಹಲಗೆಯನ್ನು ನೋಡಿದನು. "ಒಮ್ಮೆಯೂ ಆಗುವುದಿಲ್ಲ, ಗುರುಗಳೇ."

ಮೊದಲ 28 ಅಂಕಿಗಳು ಇದ್ದಂತೆಯೇ ಇದ್ದವು. ಕಣ್ಣಿಗೆ ಸಂಖ್ಯೆಯು ಮೊದಲಿನಷ್ಟೇ ದೊಡ್ಡದು. ಆದರೆ 96 ಮೆಟ್ಟಿಲುಗಳಲ್ಲಿ ಇಳಿದು ಒಂದನ್ನು ಮುಟ್ಟುತ್ತಿದ್ದ ಆ ಸಂಖ್ಯೆಗೆ ಈಗ ಮೊದಲ ಮೆಟ್ಟಿಲೇ ಇರಲಿಲ್ಲ.

ರಾಶಿಯು ದೊಡ್ಡದಾದಷ್ಟೂ ಅದರೊಳಗಿನ ಒಂದು ಕ್ಷುಲ್ಲಕವೆಂದು ತೋರುವುದು ನಮ್ಮ ದೃಷ್ಟಿಯ ದೋಷವೇ ಹೊರತು ಆ ಒಂದರ ದೋಷವಲ್ಲ. ಹಿಂಸೆಗೆ ಮನಸ್ಸು ಹುಡುಕುವ ಮೊದಲ ನೆಪವೂ ಇದೇ: ಇಷ್ಟರಲ್ಲಿ ಒಂದು ಹೋದರೇನು?

ಪಾಠ ಮುಗಿಯಿತು. ಅಧ್ಯಾಪಕರು ಬಟ್ಟೆಯ ಮಾತನ್ನೇ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಹುಡುಗನು ನೀರು ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಮೆಲ್ಲನೆ ಹೊಯ್ದು, ಆ ನೀರನ್ನು ಬಾವಿಯ ತಳದವರೆಗೆ ಇಳಿಸಿ ಬಿಟ್ಟನು.