ಧಾರಾವಿಯಲ್ಲಿ ಅಪ್ಪನ ಯೆಜ್ಡಿ

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾರ್ಸಲ್ ಆಗಿ ಬಂದು ಐರೋಲಿಯ ನಮ್ಮ ಸೊಸೈಟಿಯಲ್ಲಿ ನಿಂತ ಮೂರನೇ ವಾರಕ್ಕೇ ವಾಚ್‌ಮನ್ ದೂರು ತಂದ. ಗಾಡಿ ಕೆಳಗೆ ಪೆಟ್ರೋಲ್ ಹನಿಯುತ್ತಿತ್ತು. ಟ್ಯಾಂಕಿನ ಅಡಿಯ ಪೆಟ್ರೋಲ್ ಕಾಕ್ ಸೋರುತ್ತಿದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ಕಾಲದ ರಬ್ಬರ್ ವಾಶರ್‌ಗಳಿಗೆ ಅದು ಆಗಿಬರುವುದಿಲ್ಲ. ಮೇಲಾಗಿ ಎಥೆನಾಲ್ ನೀರು ಹೀರುತ್ತದೆ, ಟ್ಯಾಂಕಿನೊಳಗೆ ತುಕ್ಕು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಒರಿಜಿನಲ್ ಕಾಕ್ ಎಲ್ಲಿ ಹುಡುಕಲಿ? ಆನ್‌ಲೈನಿನಲ್ಲಿ ಒಂದು ಕಾಕ್, ಜೊತೆಗೆ ಕಾಗದದ ಒಂದು ಫಿಲ್ಟರ್ ತರಿಸಿದೆ. ವಿಡಿಯೋ ನೋಡಿ ಕೂರಿಸಲು ಹೋದರೆ ಕಾಕ್ ಎರಡು ಸುತ್ತು ತಿರುಗಿ ಬಿಗಿಯಾಯಿತು. ಒತ್ತಾಯ ಮಾಡಲು ಧೈರ್ಯವಾಗಲಿಲ್ಲ. ಆಫೀಸಿನ ಗೆಳೆಯನೊಬ್ಬ ಧಾರಾವಿಯ ವಿಳಾಸ ಕೊಟ್ಟ. ಟ್ಯಾಂಕ್ ಖಾಲಿ ಮಾಡಿ, ಟೆಂಪೋದಲ್ಲಿ ಹೇರಿಕೊಂಡು ಹೋದೆ.

ನೈಂಟಿ ಫೀಟ್ ರೋಡಿನಿಂದ ಒಳಗೆ ತಿರುಗಿದರೆ ಗಲ್ಲಿ ಟೆಂಪೋಗೆ ಸಾಲದು. ಗಾಡಿ ಇಳಿಸಿ ತಳ್ಳಿದೆ. ಒಂದು ಕಡೆ ಚರ್ಮದ ಬ್ಯಾಗು ಹೊಲಿಯುವವರು, ಇನ್ನೊಂದು ಕಡೆ ಪ್ಲಾಸ್ಟಿಕ್ ಆರಿಸುವವರು, ನಡುವೆ ಹತ್ತಡಿ ಅಗಲದ ಗ್ಯಾರೇಜು. ನಾನು ಮುರುಕು ಹಿಂದಿಯಲ್ಲಿ ಶುರುಮಾಡಿದ್ದಷ್ಟೇ, ಮಿಸ್ತ್ರಿ ತಲೆಯೆತ್ತಿ, "ಯಾವೂರ್ರಿ ನಿಮ್ದು?" ಎಂದರು. ಅವರದು ಕಲಬುರಗಿ ಕಡೆ. ಹೆಚ್ಚೂಕಡಿಮೆ ಅಪ್ಪನ ವಯಸ್ಸು. ಹತ್ತು ನಿಮಿಷದಲ್ಲಿ ನಾನು ಅವರಿಗೆ 'ತಮ್ಮಾ' ಆದೆ, ಅವರು ನನಗೆ ಕಾಕಾ.

ಕಾಕಾ ಮೊದಲು ಮಾಡಿದ ಕೆಲಸ ಎದುರು ಮನೆಯವರ ಸ್ಟೋವ್ ಆರಿಸಲು ಕೂಗಿದ್ದು. ಆಮೇಲೆ ನನ್ನ ಕಾಕ್ ಹಿಡಿದು ನೋಡಿ, "ಇದರ ಚೂಡಿ ಬ್ಯಾರೆ ಅದ. ಇನ್ನೊಂದ್ ಸುತ್ತು ತಿರುವಿದ್ರ ಟ್ಯಾಂಕೇ ಹೋಗ್ತಿತ್ತು" ಎಂದರು. ಟಿನ್ನಿನೊಳಗೆ ಕೈಯಾಡಿಸಿ ಬೇರೊಂದು ಕಾಕ್ ತೆಗೆದರು. ಬೆರಳಲ್ಲೇ ಸಲೀಸಾಗಿ ಕೂತಿತು. ಟೆಫ್ಲಾನ್ ಟೇಪ್ ಸುತ್ತೋಣವೇ ಎಂದೆ. ಬೇಡವಂತೆ, ಅದರ ಚೂರು ಒಳಗೆ ಬಿದ್ದರೆ ಕಾರ್ಬ್ಯುರೇಟರಿನ ಜೆಟ್ ಕಟ್ಟಿಕೊಳ್ಳುತ್ತದೆ. ಹೊಸ ಫೈಬರ್ ವಾಶರ್ ಒಂದೇ ಸಾಕು.

ಫಿಲ್ಟರ್ ವಿಷಯಕ್ಕೆ ಬಂದಾಗ ಕಾಕಾ ವಾದ ಮಾಡಲಿಲ್ಲ. ಟ್ಯಾಂಕಿಗೆ ಎರಡು ಲೀಟರ್ ಸುರಿದು, ಪೈಪ್ ಬಾಟಲಿಗೆ ಬಿಟ್ಟು, ಫಿಲ್ಟರ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ತೋರಿಸಿದರು. ಎರಡನೇ ಸಲ ಬತ್ತಿದ ಹಸುವಿನ ಹಾಲಿನಂತೆ ಎಳೆ ಎಳೆ. ಈ ಗಾಡಿಗೆ ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೇ ಇಳಿಯಬೇಕು. ಟೂ ಸ್ಟ್ರೋಕ್ ಬೇರೆ: ಎಂಜಿನ್ ಎಣ್ಣೆಯೂ ಪೆಟ್ರೋಲಿನಲ್ಲೇ ಬೆರೆತು ಬರುತ್ತದೆ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ವೇಗದಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಐರೋಲಿ ಸೇತುವೆ ಮೇಲೆ ಹಿಂದಿನ ಚಕ್ರ ಲಾಕ್ ಆಗುವುದನ್ನು ನೆನೆದು ಬೆನ್ನು ತಣ್ಣಗಾಯಿತು. ನಾನು ಮನೆಯಲ್ಲೇ ಗೆದ್ದಿದ್ದರೆ?

ಕಾಗದದ್ದನ್ನು ಬದಿಗಿಟ್ಟು ಸಣ್ಣ ಜಾಲರಿಯ ಫಿಲ್ಟರ್ ಹಾಕಿದರು, ಬಾಣದ ಗುರುತು ಕಾರ್ಬ್ಯುರೇಟರ್ ಕಡೆಗೆ. ಪೈಪ್ ಎಲ್ಲೂ ಮೇಲೇಳದಂತೆ ಕತ್ತರಿಸಿದರು, ಇಲ್ಲದಿದ್ದರೆ ಗಾಳಿ ನಿಲ್ಲುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿತೂತಿಗೂ ಸೂಜಿ ಹಾಕಿ ನೋಡಿದರು.

ಚಹಾ ಬಂತು. ಶಟರ್ ಮೇಲೆ ಸರ್ವೆಯವರು ಬರೆದ ನಂಬರ್ ಕಾಣುತ್ತಿತ್ತು. ಪುನರಾಭಿವೃದ್ಧಿಯಲ್ಲಿ ನಿಮಗೆ ಜಾಗ ಸಿಗುತ್ತದಲ್ಲ ಕಾಕಾ ಎಂದೆ. "ಗಾಳಾ ಬಾಡಿಗೀದು ತಮ್ಮಾ. ನಂಬರ್ ಶಟರಿಗೆ ಬಂದದ, ನನಗ ಬಂದಿಲ್ಲ."

ಅವರ ಟಿನ್ನಿನಲ್ಲಿ ಇನ್ನೂ ಒಂದು ಅಂಥದೇ ಕಾಕ್ ಇತ್ತು. ಅದನ್ನೂ ಕೊಡಿ ಎಂದೆ. ಒರೆಸಿ, ಮರಾಠಿ ಪೇಪರಿನಲ್ಲಿ ಸುತ್ತಿ ಕೊಟ್ಟರು. "ಮುಂದಿನ ಸಲ ಫೋನ್ ಮಾಡ್ಕೊಂಡು ಬಾ" ಎಂದರು.