ಕೆಪ್ಪ ಜೋಗ

ನಮ್ಮ ಮನೆಯಲ್ಲಿ ಇಬ್ಬರ ಮಾತನ್ನು ಯಾರೂ ಕೊನೆಯವರೆಗೆ ಕೇಳುತ್ತಿರಲಿಲ್ಲ. ಒಬ್ಬ ಅಜ್ಜ, ಇನ್ನೊಬ್ಬ ನಾನು. ಅಜ್ಜನಿಗೆ ಕಿವಿ ಕೇಳುತ್ತಿರಲಿಲ್ಲ. ಅವನ ಮಾತಿಗೆ ಸಿಕ್ಕಿಬಿದ್ದರೆ ಉತ್ತರ ಕೊಡಬೇಕು, ಉತ್ತರ ಕೊಡಬೇಕೆಂದರೆ ಕೂಗಬೇಕು. ನನಗೆ ಉಗ್ಗು, ನನ್ನ ಒಂದು ವಾಕ್ಯ ಮುಗಿಯುವುದರೊಳಗೆ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು, ಇಲ್ಲವೇ ಬಸ್ಸು ಹೋಗಿರುತ್ತಿತ್ತು. ಹಾಗಾಗಿ ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರೇ, ನಡುವೆ ಕವಳದ ತಬಕು.

ಸಿದ್ದಾಪುರ ತಾಲೂಕಿನ ಹೆಗ್ಗರಣೆ ಕಡೆಯ ಹಳ್ಳಿ ನಮ್ಮದು. ಆ ಕಡೆಯವರು ಹುಟ್ಟಾ ಜೋರು ದನಿಯವರು. ಮನೆ ಗುಡ್ಡದ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ, ನೆರೆಮನೆ ಎಂದರೆ ಎರಡು ಹಳ್ಳ ದಾಟಿ ಆಚೆ. ಊಟಕ್ಕೆ ಕರೆಯಬೇಕಾದರೂ ‘ಕೂ’ ಹಾಕಬೇಕು. ವರ್ಷದಲ್ಲಿ ನಾಲ್ಕು ತಿಂಗಳು ಮಳೆಯ ಸದ್ದಿನ ಮೇಲೆ ದನಿ ಎತ್ತಿ ಎತ್ತಿ, ಉಳಿದ ಎಂಟು ತಿಂಗಳು ಇಳಿಸಲು ಮರೆತುಬಿಡುತ್ತಾರೆ. ಗದ್ದಲದಲ್ಲಿ ಮನುಷ್ಯ ತನಗೇ ಗೊತ್ತಿಲ್ಲದೆ ಗಂಟಲು ಏರಿಸುತ್ತಾನೆ ಎನ್ನುವುದನ್ನು 1911ರಲ್ಲಿ ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ ತೋರಿಸಿಕೊಟ್ಟನಂತೆ. ನಮ್ಮೂರಿಗೆ ಬಂದಿದ್ದರೆ ಅವನಿಗೆ ಒಂದು ಮಧ್ಯಾಹ್ನದ ಕೆಲಸ.

ಇಂಥ ಊರಿನಲ್ಲಿ ಅಜ್ಜನ ಕಿವಿ ಹೋದದ್ದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಕೂಗಿಯೇ ಮಾತನಾಡುವಾಗ ಕೇಳದವನನ್ನು ಹುಡುಕುವುದು ಹೇಗೆ? ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ತೆಳುವಾದ ಸದ್ದುಗಳು. ಸ, ಶ, ಚ ಇಂಥವು ಜಾರಿಹೋಗುತ್ತವೆ, ಸ್ವರಗಳು ಉಳಿಯುತ್ತವೆ. ಉಳಿದ ತೂತನ್ನು ಕೇಳುವವನು ತನ್ನ ಅಂದಾಜಿನಿಂದ ತುಂಬಿಕೊಳ್ಳುತ್ತಾನೆ. ಒಮ್ಮೆ ಸೊಸೈಟಿಯವರು ಬಂದು ಅಂಗಳದಲ್ಲಿ ನಿಂತು ಸಂಕೋಚದಿಂದ, “ಹೆಗಡೇರೆ, ಸಾಲದ ವಿಷಯ” ಅಂದರು. ಅಜ್ಜನಿಗೆ ಕೇಳಿದ್ದು ‘ಹಾಲು’. “ಹಾಲಿಗೆ ಎಂತ ಬರಗಾಲನೋ ಮಾರಾಯ! ಎಮ್ಮೆ ಮೊನ್ನೆ ಕರು ಹಾಕಿದ್ದು. ಕುಡ್ಕಂಡೇ ಹೋಗು” ಎಂದು ಒಳಗೆ ಕೂಗಿ ಹೇಳಿದ. ಅವರು ದೊಡ್ಡ ಲೋಟದಲ್ಲಿ ಹಾಲು ಕುಡಿದರು. ಹಾಲು ಕುಡಿದ ಮನೆಯಲ್ಲಿ ಬಾಕಿ ಕೇಳುವುದು ಹೇಗೆಂದು ತಿಳಿಯದೆ ಹೊರಟುಹೋದರು. ಅಜ್ಜ ಸಾಯುವವರೆಗೂ ನನಗೊಂದು ಅನುಮಾನ ಇತ್ತು, ಆ ದಿನ ಅವನಿಗೆ ಸರಿಯಾಗಿಯೇ ಕೇಳಿತ್ತು ಅಂತ.

ನನ್ನ ಕಷ್ಟ ಬೇರೆ. ಕ, ತ, ಪ ಎಂಬ ಮೂರು ಅಕ್ಷರಗಳು ನನ್ನ ಬಾಯಿಯ ಬಾಗಿಲಲ್ಲಿ ಅಡ್ಡ ಮಲಗಿರುತ್ತಿದ್ದವು. ಶಿರಸಿ–ಸಿದ್ದಾಪುರ ರಸ್ತೆಯಲ್ಲಿ ಕಾನಸೂರಿನಲ್ಲಿ ಅತ್ತೆಯ ಮನೆ. ಶಿರಸಿಯಲ್ಲಿ ಬಸ್ಸು ಹತ್ತಿದರೆ ಕಂಡಕ್ಟರಿಗೆ ‘ಕಾನಸೂರು’ ಅನ್ನಬೇಕು. ‘ಕಾ’ದಲ್ಲಿ ನಾನು ನಿಂತರೆ ಇಡೀ ಬಸ್ಸೇ ತಿರುಗಿ ನೋಡುತ್ತಿತ್ತು. ಅದಕ್ಕೆ ‘ಸಿದ್ದಾಪುರ’ ಎಂದು ಸಲೀಸಾಗಿ ಹೇಳಿ, ಅಷ್ಟು ದೂರದ ದುಡ್ಡು ಕೊಟ್ಟು, ಕಾನಸೂರಿನಲ್ಲಿ ಇಳಿಯುತ್ತಿದ್ದೆ. ಉಗ್ಗುವವರ ಶಬ್ದಭಂಡಾರ ದೊಡ್ಡದು. ಒಂದು ಶಬ್ದದ ದಾರಿ ಮುಚ್ಚಿದ್ದರೆ ಹಾದು ಹೋಗಲು ಇನ್ನೆರಡು ಬಳಸುದಾರಿ ಗೊತ್ತಿರಲೇಬೇಕು. ನನಗೆ ಕನ್ನಡದ ಮೇಷ್ಟ್ರ ಕೆಲಸ ಸಿಕ್ಕಿದ್ದು ಈ ಬಳಸುದಾರಿಗಳ ದೆಸೆಯಿಂದಲೇ.

ಔಷಧಿಗೆ ಬರವಿರಲಿಲ್ಲ. ಆಯಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದಳು. ಶಿರಸಿಯ ಮಾರಿಕಾಂಬೆಗೆ ಬೆಳ್ಳಿಯ ನಾಲಿಗೆ ಹರಕೆ ಹೊತ್ತಳು. ದೇವಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಹಾಗಾಗಿ ಗುಣ ಮಾಡಲು ಅವಳಿಗೂ ಸಾಕಷ್ಟು ಸಮಯಾವಕಾಶ ಇತ್ತು. ಡೆಮೊಸ್ತನೀಸ್ ಎಂಬ ಗ್ರೀಕ್ ಮಾತುಗಾರ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಅಭ್ಯಾಸ ಮಾಡಿದ ಕಥೆಯನ್ನು ಮಾವ ಎಲ್ಲೋ ಓದಿ ಬಂದ. ಕಲ್ಲಿನ ಬದಲು ಇಡೀ ಅಡಿಕೆ ಇಟ್ಟ. ಉಗ್ಗು ಹೋಗಲಿಲ್ಲ, ಬಾಯಿ ಒಗರಾಯಿತು, ಒಂದು ಅಡಿಕೆ ಹೊಟ್ಟೆಗೆ ಹೋಯಿತು. ಶಾಲೆಯಲ್ಲಿ ಎಲ್ಲರೊಟ್ಟಿಗೆ ಮಗ್ಗಿ ಹೇಳುವಾಗ ನನ್ನದು ಗಿಳಿಯ ಬಾಯಿ. ಒಬ್ಬನನ್ನೇ ಎಬ್ಬಿಸಿದರೆ ‘ಎರಡೊಂದ್ಲ’ದಲ್ಲೇ ಗಾಡಿ ಹೂತುಕೊಳ್ಳುತ್ತಿತ್ತು. ಸೋಮಾರಿ ಎಂದು ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ತಪ್ಪು ನಾಲಿಗೆಯದ್ದು, ಶಿಕ್ಷೆ ಕಿವಿಗೆ.

ಅಜ್ಜನ ಮುಂದೆ ಮಾತ್ರ ನನಗೆ ಯಾವ ಹೆದರಿಕೆಯೂ ಇರಲಿಲ್ಲ. “ಪ-ಪ-ಪ-ಪಾತ್ರೆ” ಅಂದರೆ ಅವನಿಗೆ ಮೂರನೆಯದೋ ನಾಲ್ಕನೆಯದೋ ‘ಪ’ ಹೇಗೂ ಮುಟ್ಟುತ್ತಿತ್ತು. ಮನೆಯ ಉಳಿದವರು ಒಂದೇ ಸಲ ಹೇಳಿ, ಬೆನ್ನು ತಿರುಗಿಸಿ ಹೋಗುವವರು. ಎದುರು ಕೂತು, ಮುಖ ನೋಡುತ್ತಾ, ಒಂದೊಂದು ಅಕ್ಷರವನ್ನೂ ನಾಲ್ಕು ಸಲ ಹೇಳುವವನು ನಾನೊಬ್ಬನೇ. “ಮನೇಲಿ ಸಮಾ ಮಾತಾಡವು ಅಂದ್ರೆ ಈ ಮಾಣಿ ಒಬ್ಬನೇಯ” ಎಂದು ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ನನ್ನ ಕಡೆ ನೋಡಿ ನಗು ನುಂಗಿಕೊಳ್ಳುತ್ತಿದ್ದರು. ಅಜ್ಜ ಹಳೆಯ ತಾಳಮದ್ದಳೆ ಅರ್ಥಧಾರಿ. ಅವನ ಸರ್ಟಿಫಿಕೇಟಿಗೆ ಬೆಲೆ ಇತ್ತು.

ಅವನೇ ನನ್ನನ್ನು ಉಂಚಳ್ಳಿ ಜಲಪಾತಕ್ಕೆ ಕರೆದುಕೊಂಡು ಹೋದದ್ದು. ಅಘನಾಶಿನಿ ಅಲ್ಲಿ 116 ಮೀಟರ್ ಕೆಳಕ್ಕೆ ಬೀಳುತ್ತಾಳೆ. ಲುಷಿಂಗ್ಟನ್ ಎಂಬ ಕಲೆಕ್ಟರ್ ಸಾಹೇಬ 1845ರಲ್ಲಿ ಅದನ್ನು ‘ಕಂಡುಹಿಡಿದ’ನಂತೆ; ಅದಕ್ಕೂ ಮೊದಲು ನಮ್ಮವರು ಅದರ ಪಕ್ಕದಲ್ಲೇ ಕಣ್ಣು ಮುಚ್ಚಿಕೊಂಡು ಇದ್ದರು ಅಂತ ಕಾಣುತ್ತದೆ. ನಮ್ಮವರಿಟ್ಟ ಹೆಸರು ಕೆಪ್ಪ ಜೋಗ. ಪಕ್ಕದಲ್ಲಿದ್ದವನ ಮಾತೂ ಕೇಳದ ಹಾಗೆ ಬೀಳುತ್ತದೆ, ಅದಕ್ಕೆ. ಆಗಸ್ಟ್ ತಿಂಗಳು, ತುಂತುರಿನಲ್ಲಿ ಮೈಯೆಲ್ಲ ಒದ್ದೆ. ಅಜ್ಜನಿಗೆ ಏನೋ ತೋರಿಸಲು ನಾನು ಕೂಗಿದೆ. ಮತ್ತೊಂದು ಹೇಳಿದೆ. ‘ಕಾನಸೂರು’ ಅಂದೆ. ‘ಕಾನಸೂರು ಕತ್ತಲೆ ಪಾತ್ರೆ ತಪ್ಪಲೆ’ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಒಂದೂ ತಡೆಯಲಿಲ್ಲ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ, ಆದರೆ ತುಟಿ ನಾಲಿಗೆಗಳು ಎಣ್ಣೆ ಹಚ್ಚಿದಂತೆ ಓಡುತ್ತಿದ್ದವು. ಅರ್ಧ ಗಂಟೆ ಜೋಗದ ಎದುರು ನಿಂತು ಭಾಷಣ ಮಾಡಿದೆ. ಕೇಳುಗರು ಇಬ್ಬರು, ಇಬ್ಬರೂ ಕೆಪ್ಪರು.

ತನ್ನ ದನಿ ತನಗೆ ಕೇಳಿಸದಷ್ಟು ಗದ್ದಲವಿದ್ದಾಗ ಹಲವರ ಉಗ್ಗು ಇಳಿಯುತ್ತದೆ. ಹಾಡುವಾಗ, ಹತ್ತು ಜನರೊಟ್ಟಿಗೆ ಓದುವಾಗ ಇಳಿಯುತ್ತದೆ. ಇದು ಸಂಶೋಧಕರಿಗೆ ಬಹಳ ಹಿಂದೆಯೇ ಗೊತ್ತಿದ್ದ ಸಂಗತಿ, ಕಿವಿಗೆ ಗದ್ದಲ ತುಂಬುವ ಯಂತ್ರವನ್ನೂ ಮಾಡಿದ್ದರು. ನಾನು ಇದನ್ನು ತಿಳಿದದ್ದು ಆಮೇಲೆ, ಮೈಸೂರಿನಲ್ಲಿ.

ಮೈಸೂರಿಗೆ ಹೋಗುವ ಮೊದಲು ಅಜ್ಜನ ಯಂತ್ರದ ಕಥೆ ಆಗಬೇಕು. ಚಿಕ್ಕಪ್ಪ ಅವನನ್ನು ಹುಬ್ಬಳ್ಳಿಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದ. ಸದ್ದು ಕೇಳಿದಾಗ ಕೈ ಎತ್ತಿ ಎಂದರು. ಅಜ್ಜ ಸದ್ದಿಲ್ಲದಾಗಲೂ ಎತ್ತಿದ. ಯಾಕೆಂದರೆ, “ಪಾಪ, ಅಂವ ಅಷ್ಟೊತ್ತಿಂದ ಕಷ್ಟ ಪಡ್ತಾ ಇದ್ದ”. ನಾವು ಹೇಳುವ ಶಬ್ದವನ್ನು ತಿರುಗಿ ಹೇಳಿ ಎಂದರೆ ಅರ್ಥಧಾರಿ ಅರ್ಥ ಹೇಳತೊಡಗಿದ. ಕೊನೆಗೂ ಬಂದದ್ದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆ, ಅದರಿಂದ ಕಿವಿಗೊಂದು ವಯರು. ಅದನ್ನು ಅಂಗಿಯ ಕಿಸೆಯಲ್ಲಿ ಇಡಬೇಕು. ಅಜ್ಜ ಜನ್ಮದಲ್ಲಿ ಅಂಗಿ ತೊಟ್ಟದ್ದು ಮೂರೋ ನಾಲ್ಕೋ ಸಲ. ಆಯಿ ಒಂದು ಬಟ್ಟೆಯ ಚೀಲ ಹೊಲಿದು ಕೊರಳಿಗೆ ಕಟ್ಟಿದಳು. ಜನಿವಾರ, ವಯರು, ಚೀಲದ ದಾರ ಮೂರೂ ಗಂಟುಬಿದ್ದು ಸಂಧ್ಯಾವಂದನೆಗೆ ಹತ್ತು ನಿಮಿಷ ಹೆಚ್ಚಾಯಿತು. ಆಗಾಗ ಯಂತ್ರ ಕುಂಯ್ ಎನ್ನುತ್ತಿತ್ತು. ನಾಯಿ ಎದ್ದು ಬೊಗಳುತ್ತಿತ್ತು.

ಮೊದಲ ದಿನ ಅಜ್ಜ ಮನೆಯವರ ಮಾತನ್ನೆಲ್ಲ ಕೇಳಿ ಗಾಬರಿಯಾದ. ತನ್ನ ಬಗ್ಗೆ ಇಷ್ಟೆಲ್ಲ ಮಾತನಾಡುತ್ತಾರೆಂದು ಅವನಿಗೆ ತಿಳಿದಿರಲಿಲ್ಲ. ಮಧ್ಯಾಹ್ನ ಎಂದಿನಂತೆ ನಾವಿಬ್ಬರೇ ಕೂತೆವು. ನಾನು ಶಾಲೆಯದೇನೋ ಹೇಳತೊಡಗಿದೆ. ಅಜ್ಜನ ಎಲೆಗೆ ಸುಣ್ಣ ಹಚ್ಚುವ ಬೆರಳು ನಿಂತಿತು. ನನ್ನ ಬಾಯನ್ನೇ ನೋಡಿದ. ನಾನು ಇನ್ನಷ್ಟು ಸಿಕ್ಕಿಹಾಕಿಕೊಂಡೆ. ಅವನು ಏನೂ ಹೇಳಲಿಲ್ಲ. ಕಿವಿಯಿಂದ ಗುಂಡಿ ತೆಗೆದು, ವಯರು ಸುತ್ತಿ, ತಬಕಿನಲ್ಲಿ ಅಡಿಕೆಯ ಪಕ್ಕ ಇಟ್ಟ. “ಈಗ ಹೇಳು” ಅಂದ.

ಮಾರನೆಯ ದಿನದಿಂದ ಆ ಯಂತ್ರ ಮಧ್ಯಾಹ್ನ ತಬಕಿನಲ್ಲೇ ಮಲಗುತ್ತಿತ್ತು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಆರಂಭವಾಗಿತ್ತು. ರಂಗಭೂಮಿಯ ಎನ್. ರತ್ನ ಅದರ ನಿರ್ದೇಶಕರಾಗಿದ್ದವರು. ಮಾತಿನ ಆಸ್ಪತ್ರೆಗೆ ನಾಟಕದವರು ಯಜಮಾನರಾದದ್ದು ನನಗೆ ಸರಿಯಾಗಿಯೇ ಕಂಡಿತು. ಕನ್ನಡದ ಮಕ್ಕಳನ್ನು ಇಂಗ್ಲಿಷಿನ ಶಬ್ದ ಕೊಟ್ಟು ಅಳೆಯಲಾಗುವುದಿಲ್ಲವಲ್ಲ. ಅಲ್ಲಿ 1972ರಲ್ಲೇ ಕನ್ನಡದ ಉಚ್ಚಾರ ಪರೀಕ್ಷೆಯೊಂದನ್ನು ರೂಪಿಸಿದ್ದರು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋದ ನನಗೆ ಸಿಕ್ಕವಳು ನನಗಿಂತ ಚಿಕ್ಕ ವಯಸ್ಸಿನ ಹುಡುಗಿ. ಮೊದಲ ಅಕ್ಷರವನ್ನು ಮೆತ್ತಗೆ ಎಳೆದು ಮಾತನಾಡಲು ಕಲಿಸಿದಳು. ಎಳೆದು ಮಾತನಾಡುವುದು ನಮ್ಮ ಕಡೆಯವರಿಗೆ ಕಲಿಸಬೇಕೇ? ಮುಕ್ಕಾಲುಪಾಲು ಗುಣವಾಗಿ ಬಂದೆ.

ಅಲ್ಲಿಂದ ಹತ್ತಿದ ಓದಿನ ಹುಚ್ಚಿನಲ್ಲಿ ಅಮೆರಿಕದ ವೆಂಡೆಲ್ ಜಾನ್ಸನ್ ಸಿಕ್ಕಿದರು. ಸ್ವತಃ ಉಗ್ಗುತ್ತಿದ್ದ ಸಂಶೋಧಕ. ಉಗ್ಗಿನ ಮೂಲ ಮಗುವಿನ ಬಾಯಿಗಿಂತ ಹೆಚ್ಚಾಗಿ ಹೆತ್ತವರ ಕಿವಿಯಲ್ಲಿದೆ, ಸಹಜ ತಡವರಿಕೆಯನ್ನು ಅವರು ಉಗ್ಗು ಎಂದು ಕೇಳಿಸಿಕೊಂಡು ಮಗುವನ್ನು ಹೆದರಿಸುತ್ತಾರೆ ಎಂಬುದು ಅವರ ವಾದ. ಅದನ್ನು ಪರೀಕ್ಷಿಸಲು 1939ರಲ್ಲಿ ಅವರ ವಿದ್ಯಾರ್ಥಿನಿಯೊಬ್ಬಳು ಅನಾಥಾಶ್ರಮದ 22 ಮಕ್ಕಳನ್ನು ಆರಿಸಿ, ಚೆನ್ನಾಗಿ ಮಾತನಾಡುತ್ತಿದ್ದ ಕೆಲವು ಮಕ್ಕಳಿಗೂ ‘ನಿನಗೆ ಉಗ್ಗು’ ಎಂದು ಹೇಳುತ್ತಾ ಬಂದಳು. ಆ ಮಕ್ಕಳು ಬಾಯಿಬಿಡಲೇ ಅಂಜತೊಡಗಿದವು. ಜಾನ್ಸನ್ ಅವರ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಆಮೇಲೆ ಜೀನು, ಮಿದುಳು ಎಂದು ವಿಜ್ಞಾನ ಬೇರೆ ದಾರಿ ಹಿಡಿಯಿತು. 2010ರಲ್ಲಿ ಉಗ್ಗಿಗೆ ಸಂಬಂಧಿಸಿದ ಮೂರು ಜೀನುಗಳು ಸಿಕ್ಕವು. ಜಾನ್ಸನ್ ವಾದ ಪೂರ್ತಿ ನಿಲ್ಲಲಿಲ್ಲ. ನಮ್ಮ ಜಗಲಿಯ ಮಟ್ಟಿಗೆ ಮಾತ್ರ ಅದು ಈಗಲೂ ನಿಂತಿದೆ.

ಇಷ್ಟೆಲ್ಲ ಓದಿದ ಮೇಷ್ಟ್ರು ತರಗತಿಯಲ್ಲಿ ಮಾಡಿದ್ದೇನು ಎಂದರೆ ಹೇಳಲು ನಾಚಿಕೆ. ಯಲ್ಲಾಪುರ ತಾಲೂಕಿನ ಶಾಲೆಯಲ್ಲಿದ್ದಾಗ ಒಂದನೇ ಕ್ಲಾಸಿನ ಸಿದ್ದಿ ಹುಡುಗನೊಬ್ಬ ಆರು ತಿಂಗಳು ತುಟಿ ಬಿಚ್ಚಲಿಲ್ಲ. ಮಾತು ಬಾರದ ಮಗು ಎಂದು ರಿಜಿಸ್ಟರಿನಲ್ಲಿ ಬರೆಯುವುದರಲ್ಲಿದ್ದೆ. ಒಂದು ಸಂಜೆ ಅವರ ಕೇರಿಗೆ ಹೋದರೆ, ಅವನು ಮನೆಯ ಕೊಂಕಣಿಯಲ್ಲಿ ಅಜ್ಜಿಯೊಡನೆ ವಾದಕ್ಕೆ ನಿಂತಿದ್ದ, ಅಜ್ಜಿ ಸೋಲುತ್ತಿದ್ದಳು. ಬಾರದೇ ಇದ್ದದ್ದು ನನ್ನ ಕನ್ನಡ. ಇನ್ನೊಬ್ಬಳು ಹಿಂದಿನ ಬೆಂಚಿನ ಹುಡುಗಿ. ಕರೆದರೆ ತಿರುಗುವುದಿಲ್ಲ, ಹಟಮಾರಿ ಎಂದು ಎರಡು ವರ್ಷ ಬೈದೆ. ಶಾಲಾ ಆರೋಗ್ಯ ತಪಾಸಣೆಗೆ ಬಂದ ಡಾಕ್ಟರರು ಬೆನ್ನ ಹಿಂದೆ ನಿಂತು ಪಿಸುಗುಟ್ಟಿ ನೋಡಿದರು. ಕಿವಿ ಸೋರಿ ಸೋರಿ ತಮಟೆ ತೂತಾಗಿತ್ತು. ಕೆಪ್ಪ ಅಜ್ಜನ ಎದುರು ಹತ್ತು ವರ್ಷ ಕೂತವನಿಗೆ ಇದು ಹೊಳೆಯಬೇಕಿತ್ತು. ಬೆಂಚು ಮುಂದೆ ಹಾಕಿಸಿದೆ. ಔಷಧಿಯಾಯಿತು. ಆ ಎರಡು ವರ್ಷದ ಬೈಗುಳದಲ್ಲಿ ಅವಳಿಗೆ ಎಷ್ಟು ಕೇಳಿತ್ತೋ, ಕೇಳುವ ಧೈರ್ಯವಾಗಲಿಲ್ಲ.

2011ರ ಜನಗಣತಿಗೆ ಮನೆ ಮನೆ ತಿರುಗಿದವರಲ್ಲಿ ನಾನೂ ಒಬ್ಬ. “ಮನೆಯಲ್ಲಿ ಕಿವಿ ಕೇಳದವರು ಇದ್ದಾರಾ?” ಎಂದರೆ ಯಜಮಾನರು “ಯಾರೂ ಇಲ್ಲೆ” ಅನ್ನುತ್ತಿದ್ದರು, ಮರುಕ್ಷಣ ಒಳಗೆ ತಿರುಗಿ, “ಅಮ್ಮಾ, ಮೇಷ್ಟ್ರಿಗೆ ಚಾ ಹೇಳು” ಎಂದು ಮಾಡು ಹಾರುವ ಹಾಗೆ ಮೂರು ಸಲ ಕೂಗುತ್ತಿದ್ದರು. ಆ ಗಣತಿಯಲ್ಲಿ ದೇಶಕ್ಕೆಲ್ಲ ಸೇರಿ ಲೆಕ್ಕ ಸಿಕ್ಕ ಶ್ರವಣದೋಷದವರು ಸುಮಾರು 50 ಲಕ್ಷ. ಚಾ ಕುಡಿದ ಮನೆಗಳ ಲೆಕ್ಕ ನನ್ನ ಹತ್ತಿರ ಬೇರೆ ಇದೆ.

ಈಗ ನನ್ನ ಎಡಗಿವಿಯೂ ಹೊರಟಿದೆ. ಹೆಂಡತಿ ‘ಸಾರು’ ಅಂದರೆ ‘ಹಾರು’ ಎಂದು ಕೇಳುತ್ತದೆ. ಕಡಲೆಕಾಳಿನಷ್ಟು ಯಂತ್ರ ಬಂದಿದೆ, ಕೊರಳಿಗೆ ಚೀಲ ಬೇಕಿಲ್ಲ. ಅಜ್ಜನ ಪೆಟ್ಟಿಗೆ ಇನ್ನೂ ಕವಳದ ತಬಕಿನಲ್ಲಿದೆ. ಸೆಲ್ಲನ್ನು ಯಾರೋ ಗಡಿಯಾರಕ್ಕೆ ಹಾಕಿದರು.

ಕೆಪ್ಪ ಜೋಗಕ್ಕೆ ಹೋಗುವವರು ಮಳೆಗಾಲ ಮುಗಿಯುವ ಮೊದಲೇ ಹೋಗಿ. ಬೇಸಗೆಯಲ್ಲಿ ನೀರು ಸಣ್ಣ, ಆಡಿದ್ದೆಲ್ಲ ಪಕ್ಕದವರಿಗೆ ಕೇಳುತ್ತದೆ. ದಾರಿಯಲ್ಲಿ ಉಂಬಳ ಜಾಸ್ತಿ, ಒಂದು ಪೊಟ್ಟಣ ಸುಣ್ಣ ಇಟ್ಟುಕೊಳ್ಳಿ.