ನೀರ ನೋಡೀಯೇನೊ ತಮ್ಮಾ?

ಗೋಲಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮರುದನಿ ಬರುತ್ತದೆ ಎಂದು ನಮ್ಮೂರ ಗೈಡುಗಳು ಹೇಳುತ್ತಾರೆ. ನಾನು ವಿಜಯಪುರದಲ್ಲೇ ಹುಟ್ಟಿದವನಾದ್ದರಿಂದ ಎಂದೂ ಎಣಿಸಿ ನೋಡಿದವನಲ್ಲ. ಊರವರು ಗುಮ್ಮಟ ಹತ್ತುವುದು ಬೀಗರು ಬಂದಾಗ ಮಾತ್ರ. ಆಗಲೂ ಎಣಿಸುವ ಕೆಲಸ ಬೀಗರದು. ಏಳು ಮರುದನಿ ಎಂದರೇನು ಎಂಬುದು ನನಗೆ ತಿಳಿದದ್ದು ಅಥಣಿ ರೋಡಿನ ಒಂದು ಗ್ಯಾರೇಜಿನಲ್ಲಿ, ನಮ್ಮ ವ್ಯಾನಿನ ಹೆಡ್ ಪ್ಯಾಕಿಂಗ್ ಹೋದಾಗ.

ವ್ಯಾನು ಅಪ್ಪನದು. ತಿಕೋಟಾದಲ್ಲಿ ಸೋದರಮಾವನ ದ್ರಾಕ್ಷಿ ತೋಟವಿದೆ. ಅದರಲ್ಲಿ ಅಪ್ಪನದೂ ಒಂದು ಸಣ್ಣ ಪಾಲಿತ್ತು. 2006ರಲ್ಲಿ ಒಣದ್ರಾಕ್ಷಿಗೆ ಚಲೋ ರೇಟು ಸಿಕ್ಕಿ, ಆ ದುಡ್ಡಿನಲ್ಲಿ ಕೆಎ 28 ನಂಬರಿನ ಈ ಸೆಕೆಂಡ್ ಹ್ಯಾಂಡ್ ವ್ಯಾನು ಮನೆಗೆ ಬಂತು. ಆರ್‌ಸಿ ಬುಕ್ಕಿನಲ್ಲಿ ಎಂಟು ಸೀಟು ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಓದಲಿಲ್ಲ. ಮುಂದಿನ ಸೀಟು ಎತ್ತಿದರೆ ಅದರ ಕೆಳಗೇ ಇಂಜಿನ್. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮೇಲೆ ಸೂರ್ಯ, ಕೆಳಗೆ ಇಂಜಿನ್, ನಡುವೆ ಹಂಚಿನ ಮೇಲಿನ ರೊಟ್ಟಿಯ ಹಾಗೆ ನಾವು. ಒಂದು ಮಗ್ಗುಲು ಬೆಂದ ಮೇಲೆ ಅವ್ವನೇ ಹೇಳುತ್ತಿದ್ದಳು: "ಸ್ವಲ್ಪ ಹೊರಳಿ ಕುಂಡರ್ರಿ."

ವ್ಯಾನು ಹೊರಡುವ ಮೊದಲು ಅಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದ: "ನೀರ ನೋಡೀಯೇನೊ ತಮ್ಮಾ?"

ರೇಡಿಯೇಟರಿನ ನೀರು. ನಳಕ್ಕೆ ನೀರು ಯಾವ ದಿನ ಬರುತ್ತದೆಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬೆಳೆದ ಊರು ನಮ್ಮದು. ಇಲ್ಲಿ "ಆರಾಮಿದ್ದೀರಾ" ಎಂದು ಕೇಳುವ ಮೊದಲು "ನಳ ಬಂತೇನ್ರಿ" ಎಂದು ಕೇಳುವವರಿದ್ದರು. ಹಾಗಾಗಿ ಅಪ್ಪನ ಪ್ರಶ್ನೆಯೂ ಊರಿನ ಚಾಳಿಯೇ ಎಂದುಕೊಂಡಿದ್ದೆ. ಸೂರ್ಯಕಾಂತಿ ಎಣ್ಣೆಯ ಐದು ಲೀಟರಿನ ಖಾಲಿ ಕ್ಯಾನೊಂದನ್ನು ತೊಳೆದು, ಬೋರಿನ ನೀರು ತುಂಬಿ, ಹಿಂದಿನ ಸೀಟಿನಡಿ ಇಟ್ಟಿರುತ್ತಿದ್ದ. ನಾನು ನೋಡದೆಯೇ "ನೋಡೀನಿ" ಎನ್ನುತ್ತಿದ್ದೆ. ಅವನು "ಹೂಂ" ಎಂದು, ಎದ್ದು ಹೋಗಿ, ತಾನೇ ನೋಡುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ನನ್ನ ಮೇಲೆ ನಂಬಿಕೆಯಿಲ್ಲವಲ್ಲ ಎಂದು ಸುಳ್ಳು ಹೇಳಿದವನಿಗೆ ಬರುವ ಸಿಟ್ಟು ಅದು.

ಅಪ್ಪ ಹೋದ ಮೇಲೆ ಬಂದ ಮೊದಲ ಎಳ್ಳ ಅಮಾಸಿ. ಬಬಲೇಶ್ವರದ ಬಳಿ ನಮ್ಮ ಹೊಲಕ್ಕೆ ಚರಗ ಚೆಲ್ಲಲು ಹೊರಟಿದ್ದೆವು. ವ್ಯಾನಿನಲ್ಲಿ ಹತ್ತು ಜನ, ಅವ್ವನ ತೊಡೆಯ ಮೇಲೆ ಸಜ್ಜಿ ಕಡಬಿನ ಬುಟ್ಟಿ, ಹೆಂಡತಿಯ ಕಾಲಬುಡದಲ್ಲಿ ಶೇಂಗಾ ಹೋಳಿಗೆಯ ಡಬ್ಬಿ, ಮಕ್ಕಳ ನಡುವೆ ಪುಂಡಿಪಲ್ಯ. ಸಾರವಾಡದ ಹತ್ತಿರ, ಡೋಣಿ ಹೊಳೆ ದಾಟಿದ್ದೇ ತಡ, ಬೈಕಿನವನೊಬ್ಬ ಪಕ್ಕಕ್ಕೆ ಬಂದು ಕೂಗಿದ: "ಏನ್ರೀ, ವ್ಯಾನಿಗೆ ಧೂಪ ಹಾಕ್ಕೊಂಡು ಹೊಂಟೀರೇನು?" ಕನ್ನಡಿಯಲ್ಲಿ ನೋಡಿದೆ. ಹಿಂದಿನ ರಸ್ತೆ ಕಾಣುತ್ತಿರಲಿಲ್ಲ, ಬರೀ ಬಿಳಿ ಹೊಗೆ. ಟೆಂಪರೇಚರಿನ ಮುಳ್ಳು ಕೆಂಪು ದಾಟಿ, ಇನ್ನು ಹೋಗಲು ಜಾಗವಿಲ್ಲದೆ ನಿಂತಿತ್ತು. ಕ್ಯಾನಿಗಾಗಿ ಸೀಟಿನಡಿ ಕೈ ಹಾಕಿದೆ. ಹಗುರಾಗಿ ಮೇಲೆ ಬಂತು. ಖಾಲಿ.

ಎಳ್ಳ ಅಮಾಸಿಯ ದಿನ ನಮ್ಮ ಕಡೆ ಯಾರೂ ಉಪವಾಸ ಬೀಳುವುದಿಲ್ಲ. ರಸ್ತೆ ಬದಿಯ ಜೋಳದ ಹೊಲದವರು ನಮ್ಮನ್ನು ನೋಡಿ, "ಹೊಲ ಯಾರದಾದ್ರೇನ್ರಿ, ಭೂತಾಯಿ ಒಬ್ಬಾಕೀನ, ಬರ್ರಿ" ಎಂದು ಕರೆದರು. ಅವರ ಹೊಲದಲ್ಲಿ ನಮ್ಮ ಕಡಬು, ನಮ್ಮ ಎಲೆಗೆ ಅವರ ಬದನೆಕಾಯಿ ಪಲ್ಯ. ಊಟ ಮುಗಿದ ಮೇಲೆ ಅವರೇ, ಕಬ್ಬು ಇಳಿಸಿ ಮರಳುತ್ತಿದ್ದ ಖಾಲಿ ಟ್ರ್ಯಾಕ್ಟರೊಂದಕ್ಕೆ ಕೈ ಮಾಡಿ, ಹಗ್ಗ ಕಟ್ಟಿಸಿಕೊಟ್ಟರು. ಬಬಲೇಶ್ವರ, ತಿಕೋಟಾ ಎರಡೂ ಈಗ ತಾಲ್ಲೂಕು ಕೇಂದ್ರಗಳೇ. ಆದರೆ ಹೆಡ್ ಬಿಚ್ಚುವ ಕೆಲಸವೆಂದರೆ ನಮ್ಮ ಬಂಡಿ ವಿಜಯಪುರಕ್ಕೇ ಬರಬೇಕು.

ಗ್ಯಾರೇಜಿನ ಮಿಸ್ತ್ರಿ ಸೀಟೆತ್ತಿ ಡಿಪ್‌ಸ್ಟಿಕ್ ಎಳೆದ. ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. "ಕುಡೀತೀರೇನ್ರಿ ಸರ?" ಎಂದ. "ಹೆಡ್ ಪ್ಯಾಕಿಂಗ್ ಹೋಗ್ಯಾದ. ಆಯಿಲ್‌ನ್ಯಾಗ ನೀರ ಕೂಡ್ಯಾವ."

ಮರುದಿನ ಬಿಚ್ಚಿದ ಪ್ಯಾಕಿಂಗನ್ನು ನನ್ನ ಕೈಗೆ ಕೊಟ್ಟ. ಗ್ಯಾಸ್ಕೆಟ್ ಎಂದು ಪುಸ್ತಕದಲ್ಲಿ ಕರೆಯುವುದು ಇದನ್ನೇ. ಪೋಸ್ಟ್‌ಕಾರ್ಡಿಗಿಂತ ತುಸು ದಪ್ಪ. ಮೂರು ಸಿಲಿಂಡರಿಗೆ ಮೂರು ದೊಡ್ಡ ತೂತು, ಸುತ್ತ ನೀರಿಗೂ ಎಣ್ಣೆಗೂ ಬೋಲ್ಟಿಗೂ ಸಣ್ಣ ತೂತುಗಳು. ಇಂಜಿನ್ನಿನ ಬ್ಲಾಕಿಗೂ ಹೆಡ್ಡಿಗೂ ನಡುವೆ ಮಲಗಿ ಬೆಂಕಿ, ನೀರು, ಎಣ್ಣೆ ಒಂದನ್ನೊಂದು ಮುಟ್ಟದ ಹಾಗೆ ನೋಡಿಕೊಳ್ಳುವುದು ಇದರ ಕೆಲಸ. ಮೂರನೆಯ ದೊಡ್ಡ ತೂತಿನಿಂದ ಪಕ್ಕದ ನೀರಿನ ತೂತಿಗೆ, ಇರುವೆಯ ಸಾಲಿನಷ್ಟು ಸಣ್ಣ ಕರಿ ಗೆರೆ ಎದ್ದಿತ್ತು. "ಇಷ್ಟಕ್ಕ ಹತ್ತು ಮಂದಿ ನಡುದಾರಿಯಾಗ ನಿಂತೆವೇನು?" ಎಂದೆ. "ಇಷ್ಟಕ್ಕ ಅಂತೀರೇನ್ರಿ? ಹೆಡ್ಡೂ ಬಗ್ಗ್ಯಾದ," ಎಂದು ಮಿಸ್ತ್ರಿ ಉಕ್ಕಿನ ಪಟ್ಟಿಯೊಂದನ್ನು ಹೆಡ್ಡಿನ ಮೇಲೆ ಅಡ್ಡ ಇಟ್ಟು ತೋರಿಸಿದ. ಪಟ್ಟಿಯ ಕೆಳಗಿನಿಂದ ಬೆಳಕು ಕಂಡಿತು, ಕೂದಲೆಳೆಯಷ್ಟು.

ಪ್ಯಾಕಿಂಗಿನ ಬೆಲೆ 550 ರೂಪಾಯಿ. ಅದು ಗುಮ್ಮಟದೊಳಗೆ ಕೂಗಿದ ಕೂಗು. ಆಮೇಲೆ ಶುರುವಾಯಿತು ಮರುದನಿ. ಲೇತಿನಲ್ಲಿ ಹೆಡ್ ಫೇಸಿಂಗ್, ಹಂಗೇ ವಾಟರ್ ಪಂಪ್, ಥರ್ಮೋಸ್ಟ್ಯಾಟ್ ಮಾಡಿಸಿಬಿಡ್ರಿ, ರೇಡಿಯೇಟರ್ ಹೊಸದು ಹಾಕ್ಸೂದ ಚಲೋ, ಹೋಸ್ ಪೈಪ್ ಸೀಳ್ಯಾವ, ಆಯಿಲ್, ಫಿಲ್ಟರ್, ಕೂಲಂಟ್, ಏಳನೆಯದು ಮಿಸ್ತ್ರಿಯ ಮಜೂರಿ. ನಾನು ಮೂರನ್ನಷ್ಟೇ ಕೇಳಿಸಿಕೊಂಡೆ: ಫೇಸಿಂಗು, ಆಯಿಲ್ಲು, ಮಜೂರಿ. ಪ್ಯಾಕಿಂಗ್ ಸೇರಿ 6,950 ಆಯಿತು. "ಉಳಿದದ್ದು ಮುಂದ ನೋಡೋಣ," ಎಂದು ಜಾಣನ ಹಾಗೆ ನಕ್ಕೆ. ಮಿಸ್ತ್ರಿ ನಗಲಿಲ್ಲ.

ನಾಲ್ಕು ತಿಂಗಳಿಗೆ ಆ 'ಮುಂದ' ಬಂತು. ಏಪ್ರಿಲ್. ತಿಕೋಟಾದ ಶೆಡ್ಡಿನಲ್ಲಿ ಬಲೆಗಳ ಮೇಲೆ ಅಂತಸ್ತು ಅಂತಸ್ತಾಗಿ ದ್ರಾಕ್ಷಿ ಒಣಗುತ್ತಿದ್ದ ಕಾಲ. ಮಾವನ ತೋಟದ ಬಾಗಿಲಲ್ಲೇ ವ್ಯಾನು ಮತ್ತೆ ಧೂಪ ಹಾಕಿತು. "ಮಾವಾ, ಇದನ್ನ ಗುಜರಿಗೆ ಹಾಕಿಬಿಡ್ತೀನಿ. ಮಾರಿದ್ರ ಬರೂದು ನಲವತ್ತು ಸಾವಿರ, ಅದರಾಗ ಅರ್ಧ ರಿಪೇರಿಗೇ ಹೊಂಟದ," ಎಂದೆ.

ಮಾವ ಬಳ್ಳಿಯ ಬುಡದಲ್ಲಿ ಕೂತಿದ್ದ. ಬರ ಬಿದ್ದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ಕೊಂಡು ತಂದು, ತಂಬಿಗೆಯ ಲೆಕ್ಕದಲ್ಲಿ ಬಳ್ಳಿ ಉಳಿಸಿಕೊಂಡವರ ಪೈಕಿ ಅವನೂ ಒಬ್ಬ. ಆ ವರ್ಷಗಳಲ್ಲಿ ಹಣ್ಣಿನಿಂದ ಬಂದದ್ದಕ್ಕಿಂತ ಟ್ಯಾಂಕರಿಗೆ ಹೋದದ್ದೇ ಹೆಚ್ಚು. "ಬಳ್ಳಿಗೆ ಹಾಕಿದ ನೀರಿನ ಲೆಕ್ಕ ಬರದಿಟ್ಟಿದ್ರ ತಿಕೋಟಾದಾಗ ಒಂದು ಬಳ್ಳಿನೂ ಉಳೀತಿರಲಿಲ್ಲ, ಅಳಿಯಾ," ಎಂದ. "ಬೆಳೆಸಿದ್ದಕ್ಕ ನೀರ ಹಾಕಬೇಕು. ರೇಟು ಆಮ್ಯಾಲ." ಲೆಕ್ಕಪತ್ರ ಓದಿಕೊಂಡ ನನಗೆ ಇದು ದಿವಾಳಿಯ ದಾರಿ ಎಂದು ಸ್ಪಷ್ಟವಾಗಿ ಗೊತ್ತಿತ್ತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿದೆ.

ಈ ಸಲ ಮಿಸ್ತ್ರಿ ನನ್ನನ್ನು ಕೇಳದೆ ರೇಡಿಯೇಟರ್ ಬಿಚ್ಚಿಸಿದ. ಕೊಳವೆಗಳ ಬಾಯಲ್ಲಿ ಬಿಳಿ ಸುಣ್ಣ ಗಟ್ಟಿಯಾಗಿ ಕೂತಿತ್ತು, ಬಚ್ಚಲ ಹಂಡೆಯ ತಳದ ಹಾಗೆ. ನಮ್ಮ ಬೋರಿನ ಸೌಳು ನೀರಿನ ಕೆಲಸ. ನನಗೆ ಬೇಗಂ ತಾಲಾಬ್ ನೆನಪಾಯಿತು. 1651ರಲ್ಲಿ ಕಟ್ಟಿದ ಆ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ಕಟ್ಟಿದ್ದರು. ನೀರಿನ ಒತ್ತಡ ತಗ್ಗಲಿ, ಕೆಸರು ತಳದಲ್ಲೇ ಉಳಿಯಲಿ ಎಂದು. ಅವು ಈಗಲೂ ಊರಲ್ಲಿ ನಿಂತಿವೆ. ಆದಿಲ್ ಶಾಹಿ ಮಿಸ್ತ್ರಿಗಳಿಗೆ ಗೊತ್ತಿದ್ದ ಸಂಗತಿ ಅವುಗಳ ಮುಂದೆ ದಿನವೂ ವ್ಯಾನು ಓಡಿಸುತ್ತಿದ್ದ ನನಗೆ ತಿಳಿದಿರಲಿಲ್ಲ.

"ಸರ, ಒಂದು ಮಾತು ಕೇಳ್ತೀನಿ," ಎಂದ ಮಿಸ್ತ್ರಿ, ಬೆರಳಿನಿಂದ ಸುಣ್ಣ ಕೆರೆಯುತ್ತ. "ಈ ಗಾಡಿ ನೀರ ಕುಡಿಯೂದು ಇವತ್ತಿನ ಚಟ ಅಲ್ಲ. ಭಾಳ ವರ್ಷ ಆಗ್ಯಾದ. ದಿನಾ ಮುಂಜಾನೆ ಯಾರೋ ಇದಕ್ಕ ನೀರ ಹಾಕ್ತಿದ್ರಲ್ಲ, ಯಾರ್ರಿ ಅವ್ರು?"

ನಾನು ತಡವಾಗಿ ಉತ್ತರ ಕೊಟ್ಟೆ.

ನಮ್ಮ ವ್ಯಾನು ಗಟ್ಟಿ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದವನು ನಾನು. ಅದು ಗಟ್ಟಿಯೇನೂ ಇರಲಿಲ್ಲ. ಪ್ರತಿದಿನ ಒಂದು ತಂಬಿಗೆ ಕಡಿಮೆಯಾಗುತ್ತಿತ್ತು, ಪ್ರತಿದಿನ ಒಂದು ತಂಬಿಗೆ ತುಂಬುತ್ತಿತ್ತು. ಇದನ್ನು ಹೇಳಿದರೆ ಮಗ ಗಾಡಿ ಮಾರಿಬಿಡುತ್ತಾನೆ ಎಂದು ಅಪ್ಪನಿಗೆ ಅನ್ನಿಸಿತ್ತೋ ಏನೋ, ಹೇಳಿರಲಿಲ್ಲ. ಆ ನೀರೇ ಇಂಜಿನ್ನನ್ನು ಅಷ್ಟು ವರ್ಷ ಕಾಪಾಡಿತ್ತು. ಆ ನೀರಿನ ಸುಣ್ಣವೇ ರೇಡಿಯೇಟರನ್ನು ಕಟ್ಟಿ ಇಂಜಿನ್ನನ್ನು ಕಾಯಿಸಿತ್ತು. ಯಾರ ಮೇಲೆ ತಪ್ಪು ಹೊರಿಸಬೇಕೆಂದು ಯೋಚಿಸಿದೆ. ಸಿಕ್ಕವರು ಇಬ್ಬರೇ: ಹಾಕಿದವನು, ಮತ್ತು "ನೋಡೀನಿ" ಎಂದವನು.

ಎರಡನೆಯ ಬಿಲ್ಲಿನಲ್ಲಿ ಏಳೂ ಮರುದನಿ ಪೂರ್ತಿ ಕೇಳಿದೆ. ಪ್ಯಾಕಿಂಗ್ 550, ಫೇಸಿಂಗ್ 800, ವಾಟರ್ ಪಂಪ್ 1,150, ಥರ್ಮೋಸ್ಟ್ಯಾಟ್ 380, ರೇಡಿಯೇಟರ್ 2,900, ಪೈಪು 720, ಆಯಿಲ್-ಫಿಲ್ಟರ್-ಕೂಲಂಟ್ 1,900, ಮಜೂರಿ 4,500. ಒಟ್ಟು 12,900. ಮಿಸ್ತ್ರಿ ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಗಿನವರೆಗೆ, ಒಂದೇ ಸಲಕ್ಕೆ ಬಿಗಿಯದೆ, ಮೂರು ಸುತ್ತಿನಲ್ಲಿ ಹದವಾಗಿ ಬಿಗಿದ. "ಇನ್ನೊಮ್ಮೆ ಫೇಸಿಂಗ್ ಆಗೂದಿಲ್ರಿ. ಹೆಡ್ ತೆಳ್ಳಗ ಆಗ್ಯಾದ. ಇದ ಕಡೀದು," ಎಂದ.

ಮಾವನ ಮಾತಿಗೆ ಮರ್ಯಾದೆ ಕೊಟ್ಟು ಒಂದು ವರ್ಷ ಓಡಿಸಿದೆ. ಒಮ್ಮೆಯೂ ಕೆಡಲಿಲ್ಲ, ಒಂದು ಹನಿ ನೀರು ಕುಡಿಯಲಿಲ್ಲ. ಕೆಡದ ವ್ಯಾನನ್ನು ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬಬಲೇಶ್ವರದ ಇಪ್ಪತ್ತೈದರ ಹುಡುಗನೊಬ್ಬ, ಸಂತೆಗೆ ತರಕಾರಿ ಹೊಡೆಯಲು ಬೇಕೆಂದು, 38,000ಕ್ಕೆ ಕೊಂಡ. ಆರ್‌ಸಿ ಬುಕ್ಕು, ಜಾಕು, ಎರಡನೇ ಚಾವಿ ಕೊಟ್ಟೆ. ಕೊನೆಗೆ ಸೀಟಿನಡಿಯಿಂದ ಆ ಎಣ್ಣೆಯ ಕ್ಯಾನು ತೆಗೆದು ಕೊಟ್ಟೆ.

"ಇದ್ಯಾಕ್ರಿ ಸರ? ಕೂಲಂಟ್ ಹಾಕ್ಸೀರಲ್ಲ."

"ಇರಲಿ ತಗೊ."

ಹುಡುಗ ಸೀಟಿನ ಮೇಲೆ ಕೂತು ಚಾವಿ ಹಾಕಿದ. ಅವನು ತಿರುಗಿಸುವ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತು: "ನೀರ ನೋಡೀಯೇನೊ ತಮ್ಮಾ?"

"ನೋಡೀನ್ರಿ," ಎಂದ, ನನ್ನ ಮುಖವನ್ನೂ ನೋಡದೆ.

"ಹೂಂ," ಎಂದೆ. ಹೋಗಿ, ಮುಚ್ಚಳ ತೆಗೆದು, ನಾನೇ ನೋಡಿದೆ. ತುಂಬಿತ್ತು.